ಸೂಜಿ ಚುಚ್ಚಿ ಲಿವರ್ ಕ್ಯಾನ್ಸರ್ ಸುಡಬಹುದೇ? ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಆಪರೇಷನ್ ಬೇಡ, ಹೊಟ್ಟೆ ಕೊಯ್ಯುವುದು ಬೇಡ, ಒಂದೇ ಸೂಜಿಯಲ್ಲಿ ಲಿವರ್ ಕ್ಯಾನ್ಸರ್ ಮಾಯ, ಮರುದಿನವೇ ಮನೆಗೆ, ಯಾವ ಸ್ಟೇಜ್ ಆದರೂ ಪರವಾಗಿಲ್ಲ, ಹತ್ತು ಜನಕ್ಕೆ ಕಳಿಸಿ. ಈ ಧಾಟಿಯ ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ಜಯನಗರದ ಅಪಾರ್ಟ್‌ಮೆಂಟ್ ಗ್ರೂಪ್, ಬನಶಂಕರಿಯ ವಾಕಿಂಗ್ ಗೆಳೆಯರ ಗ್ರೂಪ್, ಜೆಪಿ ನಗರದ ಮಕ್ಕಳ ಶಾಲೆಯ ಪೇರೆಂಟ್ಸ್ ಗ್ರೂಪ್, ಹೀಗೆ ಎಲ್ಲ ಕಡೆ ಸುತ್ತಿ ಕೊನೆಗೆ "ಇದು ನಿಜವಾ ಸಾರ್?" ಎಂಬ ಪ್ರಶ್ನೆಯೊಂದಿಗೆ ನಮ್ಮ ಬಳಿಗೂ ಬರುತ್ತವೆ.

ಸಾಮಾನ್ಯವಾಗಿ ಇಂಥ ಮೆಸೇಜಿಗೆ ನಾವು "ಸುಳ್ಳು" ಎಂಬ ಮುದ್ರೆ ಒತ್ತಿ ಮುಂದೆ ಹೋಗುತ್ತೇವೆ. ಇಲ್ಲಿ ಹಾಗೆ ಮಾಡಲಾಗದು. ಸೂಜಿ ಚುಚ್ಚಿ ಲಿವರಿನ ಗಡ್ಡೆಯನ್ನು ಸುಡುವ ಚಿಕಿತ್ಸೆ ನಿಜವಾಗಿಯೂ ಇದೆ. ಅದಕ್ಕೆ ಅಬ್ಲೇಶನ್ ಎಂದು ಹೆಸರು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ, ಬೆಂಗಳೂರಿನಲ್ಲೂ ನಡೆಯುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ ಎನ್ನುವುದು ನಿಜ, ಬಹಳಷ್ಟು ಜನ ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ ಎನ್ನುವುದೂ ನಿಜ. ಎಡವಟ್ಟು ಇರುವುದು "ಯಾವ ಸ್ಟೇಜ್ ಆದರೂ" ಎಂಬ ಪುಟ್ಟ ಮಾತಿನಲ್ಲಿ.

ಆ ಪುಟ್ಟ ಮಾತು ಇಬ್ಬರನ್ನು ದಾರಿ ತಪ್ಪಿಸುತ್ತದೆ. ದೊಡ್ಡ ಗಡ್ಡೆ ಇರುವವರ ಮನೆಯವರು "ಸೂಜಿ ಹಾಕುವ ಡಾಕ್ಟರ್" ಯಾರು ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ತಮಗೆ ನಿಜಕ್ಕೂ ಉಪಯೋಗವಾಗುವ ಬೇರೆ ಚಿಕಿತ್ಸೆಗೆ ತಡಮಾಡುತ್ತಾರೆ. ಇನ್ನೊಂದು ಕಡೆ, ಎರಡು ಸೆಂಟಿಮೀಟರ್ ಗಡ್ಡೆ ಇರುವವರ ಮನೆಯಲ್ಲಿ ಡಾಕ್ಟರೇ ಅಬ್ಲೇಶನ್ ಮಾಡೋಣ ಎಂದಾಗ, "ಅಯ್ಯೋ ಅದು ವಾಟ್ಸ್‌ಆಪ್‌ನಲ್ಲಿ ಬರುವ ಬುರುಡೆ ಅಲ್ಲವಾ" ಎಂದು ಹಿಂಜರಿಯುತ್ತಾರೆ. ನಮ್ಮ ಪ್ರಕಾರ ಎರಡನೆಯದು ಹೆಚ್ಚು ದುಃಖದ ಸಂಗತಿ.

ಸುಡುವುದು ಎಂದರೆ ಏನು?

ರೋಗಿಯನ್ನು ಮಲಗಿಸಿ, ಮಂಪರು ಅಥವಾ ಪೂರ್ಣ ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ತೆಳುವಾದ ಉದ್ದನೆಯ ಸೂಜಿಯನ್ನು ಗಡ್ಡೆಯ ನಡುವಿಗೆ ತಲುಪಿಸುತ್ತಾರೆ. ಈ ಕೆಲಸ ಮಾಡುವವರು ಸಾಮಾನ್ಯವಾಗಿ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ನೋಡಿ ವರದಿ ಬರೆಯುವುದರ ಜೊತೆಗೆ ಸ್ಕ್ಯಾನ್ ನೋಡಿಕೊಂಡೇ ಚಿಕಿತ್ಸೆ ಮಾಡುವ ತಜ್ಞರು. ಸೂಜಿಯ ತುದಿ ಗಡ್ಡೆಯೊಳಗೆ ಸರಿಯಾಗಿ ಕುಳಿತ ಮೇಲೆ ಅದಕ್ಕೆ ಶಕ್ತಿ ಹರಿಸುತ್ತಾರೆ.

ಹಳೆಯ ಮತ್ತು ಹೆಚ್ಚು ಪರಿಚಿತ ವಿಧಾನ ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್, ಚಿಕ್ಕದಾಗಿ ಆರ್‌ಎಫ್‌ಎ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಹರಿಯುತ್ತದೆ. ಆರ್‌ಎಫ್‌ಎ ಯಂತ್ರದ ಕರೆಂಟು ಸೆಕೆಂಡಿಗೆ ಸುಮಾರು ನಾಲ್ಕೈದು ಲಕ್ಷ ಬಾರಿ ಹಾಗೆ ಹರಿಯುತ್ತದೆ. ಅಷ್ಟು ವೇಗಕ್ಕೆ ನರ ಮತ್ತು ಸ್ನಾಯು ಪ್ರತಿಕ್ರಿಯಿಸುವುದಿಲ್ಲ, ಹಾಗಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಸೂಜಿಯ ಸುತ್ತಲಿನ ಅಯಾನುಗಳು ಹಿಂದೆ ಮುಂದೆ ಓಲಾಡಿ, ತಿಕ್ಕಾಟದಿಂದ ಬಿಸಿ ಹುಟ್ಟುತ್ತದೆ. ಈ ಗುಣವನ್ನು ಫ್ರಾನ್ಸಿನ ದಾರ್ಸೋನ್‌ವಾಲ್ 1891ರಲ್ಲೇ ತೋರಿಸಿದ್ದರು. ಲಿವರಿನ ಗಡ್ಡೆಗೆ ಅದನ್ನು ಸೂಜಿಯ ಮೂಲಕ ಬಳಸಬಹುದು ಎಂದು 1990ರಲ್ಲಿ ಇಟಲಿಯ ರೋಸ್ಸಿ ಮತ್ತು ಅಮೆರಿಕದ ಮೆಕ್‌ಗಹಾನ್ ಅವರ ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದವು. ಅದಕ್ಕೂ ಮೊದಲು ಗಡ್ಡೆಗೆ ಶುದ್ಧ ಆಲ್ಕೋಹಾಲ್ ಚುಚ್ಚಿ ಸಾಯಿಸುವ ಪದ್ಧತಿ ಇತ್ತು. ಕುಡಿತದಿಂದ ಹಾಳಾದ ಲಿವರಿಗೂ ಆಲ್ಕೋಹಾಲೇ ಔಷಧಿಯಾಗಿತ್ತು ಎಂಬುದು ವಿಚಿತ್ರವಾದರೂ ಸತ್ಯ!

ಬಿಸಿ 60 ಡಿಗ್ರಿ ದಾಟಿದ ಕೂಡಲೇ ಜೀವಕೋಶದ ಪ್ರೋಟೀನು ಗಟ್ಟಿಯಾಗಿ ಕೋಶ ಸಾಯುತ್ತದೆ. ಮೊಟ್ಟೆಯ ಬಿಳಿ ಬಿಸಿಗೆ ಬೆಳ್ಳಗೆ ಗಟ್ಟಿಯಾಗುವುದೂ ಇದೇ ಕ್ರಿಯೆ. ಹಾಗಾದರೆ ಇನ್ನೂ ಜೋರಾಗಿ ಕಾಯಿಸಿದರೆ ಬೇಗ ಮುಗಿಯುವುದಿಲ್ಲವೇ? ಇಲ್ಲ. ಕಾವಲಿ ಕೆಂಪಗೆ ಕಾದಿದ್ದರೆ ದೋಸೆಯ ತಳ ಸೀದು ಮೇಲೆ ಹಸಿ ಉಳಿಯುವುದಿಲ್ಲವೇ, ಹಾಗೆಯೇ ಇಲ್ಲೂ. 100 ಡಿಗ್ರಿ ದಾಟಿದರೆ ಸೂಜಿಯ ಸುತ್ತ ನೀರು ಆವಿಯಾಗಿ, ಅಂಗಾಂಶ ಕರಕಲಾಗಿ, ಕರೆಂಟು ಮುಂದೆ ಹರಿಯುವುದೇ ನಿಂತುಬಿಡುತ್ತದೆ. ಅದಕ್ಕೇ ನಿಧಾನವಾಗಿ, ಹದವಾಗಿ ಕಾಯಿಸಬೇಕು.

ಇನ್ನೊಂದು ವಿಧಾನ ಮೈಕ್ರೋವೇವ್ ಅಬ್ಲೇಶನ್. ಇದು ಬೇಗ ಮತ್ತು ಹೆಚ್ಚು ಬಿಸಿ ಮಾಡುತ್ತದೆ, ಕರಕಲು ಇದಕ್ಕೆ ಅಷ್ಟಾಗಿ ಅಡ್ಡಿಯಲ್ಲ. ಇತ್ತೀಚಿನ ವರ್ಷಗಳಲ್ಲಿ ಹಲವು ಕಡೆ ಇದೇ ಮೊದಲ ಆಯ್ಕೆಯಾಗುತ್ತಿದೆ. ಆರ್ಗಾನ್ ಅನಿಲದಿಂದ ಗಡ್ಡೆಯನ್ನು ಹೆಪ್ಪುಗಟ್ಟಿಸುವ ಕ್ರಯೋ ಅಬ್ಲೇಶನ್, ಅತಿ ಹೆಚ್ಚು ವೋಲ್ಟೇಜಿನ ಮಿಂಚಿನಂಥ ಮಿಡಿತಗಳಿಂದ ಕೋಶದ ಗೋಡೆಯಲ್ಲಿ ತೂತು ಮಾಡುವ ವಿಧಾನ, ಇವೂ ಇವೆ, ಲಿವರಿನಲ್ಲಿ ಬಳಕೆ ಕಡಿಮೆ. ಸೂಜಿಯೇ ಇಲ್ಲದೆ ಶಬ್ದತರಂಗದಿಂದ ಗಡ್ಡೆಯನ್ನು ಪುಡಿ ಮಾಡುವ ಹಿಸ್ಟೋಟ್ರಿಪ್ಸಿ ಎಂಬ ಹೊಸ ತಂತ್ರಕ್ಕೆ ಅಮೆರಿಕದ ಎಫ್‌ಡಿಎ 2023ರ ಅಕ್ಟೋಬರ್‌ನಲ್ಲಿ ಅನುಮತಿ ಕೊಟ್ಟಿದೆ. ಅದರ ವಿಡಿಯೋ ಕೂಡ ಫಾರ್ವರ್ಡ್ ಆಗಿ ಓಡಾಡುತ್ತಿದೆ. ಅದು ಸುಳ್ಳಲ್ಲ, ಆದರೆ ತೀರಾ ಹೊಸದು, ದೀರ್ಘಕಾಲದ ಫಲಿತಾಂಶಗಳು ಇನ್ನಷ್ಟೇ ಬರಬೇಕು.

ಮೂರು ಸೆಂಟಿಮೀಟರ್ ಲೆಕ್ಕ

ಅಬ್ಲೇಶನ್ ಬಗ್ಗೆ ಒಂದೇ ಒಂದು ಅಂಕಿ ನೆನಪಿಡಿ ಎಂದರೆ ನಾವು 3 ಸೆಂ.ಮೀ. ಎನ್ನುತ್ತೇವೆ. ಗಡ್ಡೆ ಅದಕ್ಕಿಂತ ಚಿಕ್ಕದಿದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 2 ಸೆಂ.ಮೀ. ಒಳಗಿನ ಒಂಟಿ ಗಡ್ಡೆಯಾದರೆ ಫಲಿತಾಂಶ ಶಸ್ತ್ರಚಿಕಿತ್ಸೆಗೆ ಹತ್ತಿರ ಹತ್ತಿರ ಇರುತ್ತದೆ. 3 ದಾಟಿದ ಮೇಲೆ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿಯುವ ಸಾಧ್ಯತೆ ಏರುತ್ತಾ ಹೋಗುತ್ತದೆ.

ಏಕೆ ಎಂಬುದಕ್ಕೆ ಶಾಲೆಯ ಗಣಿತ ಸಾಕು. ಗಡ್ಡೆಯನ್ನು ಮಾತ್ರ ಸುಟ್ಟರೆ ಸಾಲದು, ಸುತ್ತ ಕನಿಷ್ಠ ಅರ್ಧ ಸೆಂಟಿಮೀಟರ್ ಒಳ್ಳೆಯ ಲಿವರನ್ನೂ ಸೇರಿಸಿ ಸುಡಬೇಕು, ಏಕೆಂದರೆ ಸ್ಕ್ಯಾನಿಗೆ ಕಾಣದ ಕೋಶಗಳು ಅಲ್ಲಿರುತ್ತವೆ. 3 ಸೆಂ.ಮೀ. ಗಡ್ಡೆ ಎಂದರೆ ಸುಮಾರು 14 ಮಿಲಿಲೀಟರ್, ಮೂರು ಟೀ ಚಮಚದಷ್ಟು. ಅಂಚು ಸೇರಿಸಿದರೆ 4 ಸೆಂ.ಮೀ. ಉಂಡೆ, ಅಂದರೆ 33 ಮಿಲಿಲೀಟರಿನಷ್ಟು ಜಾಗವನ್ನು ಸುಡಬೇಕು. ಗಡ್ಡೆ 5 ಸೆಂ.ಮೀ. ಆದರೆ ಸುಡಬೇಕಾದ್ದು 113 ಮಿಲಿಲೀಟರ್. ಒಂದು ಬೈ-ಟೂ ಕಾಫಿಗಿಂತ ಹೆಚ್ಚು! ಗಡ್ಡೆಯ ಅಗಲ ಎರಡೇ ಸೆಂಟಿಮೀಟರ್ ಹೆಚ್ಚಿತು, ಸುಡುವ ಕೆಲಸ ಮೂರು ಪಟ್ಟಿಗೂ ಮಿಕ್ಕಿ ಹೆಚ್ಚಿತು. ಒಂದು ಸೂಜಿಯ ಬಿಸಿ ಅಷ್ಟು ದೂರಕ್ಕೆ ಸಮನಾಗಿ ತಲುಪುವುದಿಲ್ಲ.

ಗಾತ್ರ ಸರಿಯಿದ್ದರೂ ಜಾಗ ಸರಿಯಿರಬೇಕು. ಗಡ್ಡೆಯ ಪಕ್ಕದಲ್ಲೇ ದೊಡ್ಡ ರಕ್ತನಾಳ ಹರಿಯುತ್ತಿದ್ದರೆ, ಬಿಸಿ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದಂತೆ, ರಕ್ತವೇ ಬಿಸಿಯನ್ನು ಹೊತ್ತೊಯ್ಯುತ್ತದೆ. ಆ ಬದಿಯ ಕೋಶಗಳು ಬದುಕಿ ಉಳಿಯುತ್ತವೆ. ಮೈಕ್ರೋವೇವಿನಲ್ಲಿ ಈ ತೊಂದರೆ ಸ್ವಲ್ಪ ಕಡಿಮೆ. ಪಿತ್ತಕೋಶ, ದೊಡ್ಡ ಪಿತ್ತನಾಳ, ಕರುಳು ಅಂಟಿಕೊಂಡಂತಿದ್ದರೆ ಅವೂ ಸುಟ್ಟುಹೋಗುವ ಭಯ. ಇದಕ್ಕೆ ವೈದ್ಯರು ಒಂದು ಜಾಣ ಉಪಾಯ ಮಾಡುತ್ತಾರೆ: ಲಿವರಿಗೂ ಕರುಳಿಗೂ ನಡುವೆ ಗ್ಲೂಕೋಸ್ ನೀರು ತುಂಬಿಸಿ ಎರಡನ್ನೂ ದೂರ ಸರಿಸುತ್ತಾರೆ. ಆರ್‌ಎಫ್‌ಎ ಮಾಡುವಾಗ ಉಪ್ಪುನೀರಿನ ಸಲೈನ್ ಬಳಸುವುದಿಲ್ಲ, ಅದರಲ್ಲಿ ಕರೆಂಟು ಹರಿದುಬಿಡುತ್ತದೆ.

ಮೂರನೆಯದು ಉಳಿದ ಲಿವರಿನ ಸ್ಥಿತಿ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಬಹುಪಾಲು ಈಗಾಗಲೇ ಗಾಯಗೊಂಡು ಗಟ್ಟಿಯಾದ, ಅಂದರೆ ಸಿರೋಸಿಸ್ ಆದ ಲಿವರಿನಲ್ಲೇ ಬರುತ್ತದೆ. ಅಂಥ ಲಿವರಿನಿಂದ ಒಂದು ಭಾಗ ಕತ್ತರಿಸಿ ತೆಗೆದರೆ ಮಿಕ್ಕದ್ದು ಕೈಕೊಡಬಹುದು. ಚಿಕ್ಕ ಉಂಡೆಯನ್ನು ಮಾತ್ರ ಸುಡುವ ಅಬ್ಲೇಶನ್ ಇಷ್ಟು ಬೆಲೆ ಪಡೆದಿರುವುದೇ ಇದರಿಂದ. ಆದರೆ ಹೊಟ್ಟೆಯಲ್ಲಿ ನೀರು ತುಂಬಿ, ಕಾಮಾಲೆ ಏರಿ, ಮಂಕು ಕವಿದ ಸ್ಥಿತಿಯಲ್ಲಿ ಗಡ್ಡೆ ಎಷ್ಟೇ ಚಿಕ್ಕದಿದ್ದರೂ ಅದನ್ನು ಸುಡುವುದರಿಂದ ಲಾಭವಾಗುವುದಿಲ್ಲ. ಆಗ ಪ್ರಶ್ನೆ ಲಿವರ್ ಕಸಿಯದ್ದು. ಒಂದು ಗಡ್ಡೆ 5 ಸೆಂ.ಮೀ. ಒಳಗೆ, ಅಥವಾ ಮೂರರವರೆಗೆ ಗಡ್ಡೆಗಳು ತಲಾ 3 ಸೆಂ.ಮೀ. ಒಳಗೆ ಇದ್ದರೆ ಕಸಿ ಮಾಡಬಹುದು ಎಂಬ ಪ್ರಸಿದ್ಧ ನಿಯಮ 1996ರಲ್ಲಿ ಇಟಲಿಯ ಮಿಲಾನ್‌ನಿಂದ ಬಂತು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗ ಹಂಚಿಕೆಯ ಪಟ್ಟಿಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಆ ಪಟ್ಟಿಯಲ್ಲಿ ಕಾಯುವ ಅವಧಿಯಲ್ಲಿ ಗಡ್ಡೆ ಬೆಳೆಯದಂತೆ ತಡೆಯಲೂ, ಲಿವರಿನ ಸ್ಥಿತಿ ತಡೆದುಕೊಳ್ಳುವಂತಿದ್ದರೆ, ಅಬ್ಲೇಶನ್ ಮಾಡುವುದುಂಟು.

ದೊಡ್ಡ ಗಡ್ಡೆಗಳಿಗೆ ತೊಡೆಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳು ಕೊಳವೆ ಹಾಯಿಸಿ, ಗಡ್ಡೆಗೆ ರಕ್ತ ಕೊಡುವ ನಾಳಕ್ಕೇ ಔಷಧಿ ಬಿಟ್ಟು ಮುಚ್ಚುವ ಟೇಸ್ ಎಂಬ ಚಿಕಿತ್ಸೆ ಇದೆ. ಅದರಲ್ಲೂ ಕೊಯ್ಯುವುದಿಲ್ಲ, ಆದರೆ ಅದು ಅಬ್ಲೇಶನ್ ಅಲ್ಲ. ಫಾರ್ವರ್ಡ್‌ಗಳು ಎರಡನ್ನೂ ಕಲಸಿಬಿಡುತ್ತವೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸೋಣ. ಲಿವರಿನಲ್ಲೇ ಹುಟ್ಟಿದ ಕ್ಯಾನ್ಸರ್ ಬೇರೆ, ದೊಡ್ಡ ಕರುಳಿನಂಥ ಬೇರೆಡೆಯಿಂದ ಲಿವರಿಗೆ ಹರಡಿದ್ದು ಬೇರೆ. ಹರಡಿದೆ ಎಂದ ಮಾತ್ರಕ್ಕೆ ಅಬ್ಲೇಶನ್ ಸಾಧ್ಯವೇ ಇಲ್ಲ ಎಂದೂ ಅಲ್ಲ. ದೊಡ್ಡ ಕರುಳಿನಿಂದ ಬಂದ 3 ಸೆಂ.ಮೀ. ಒಳಗಿನ, ಸಂಖ್ಯೆಯಲ್ಲಿ ಮಿತವಾದ ಗಡ್ಡೆಗಳಲ್ಲಿ ಅಬ್ಲೇಶನ್ ಶಸ್ತ್ರಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ಕೊಲಿಷನ್ ಎಂಬ ಯುರೋಪಿನ ಪ್ರಯೋಗ 2024ರಲ್ಲಿ ವರದಿ ಮಾಡಿತು.

ನಮಗೆ ಬರುವ ಇತರ ಪ್ರಶ್ನೆಗಳು

"ಮೈಕ್ರೋವೇವ್ ಎಂದರೆ ರೇಡಿಯೇಷನ್, ಅದರಿಂದಲೇ ಕ್ಯಾನ್ಸರ್ ಬರುತ್ತದಲ್ಲವೇ?" ಹಲವು ಯಂತ್ರಗಳು ಬಳಸುವ ತರಂಗ ಅಡುಗೆಮನೆಯ ಓವನ್ನಿನದ್ದೇ, 2450 ಮೆಗಾಹರ್ಟ್ಸ್. ಅದು ನೀರಿನ ಅಣುಗಳನ್ನು ಅಲುಗಾಡಿಸಿ ಬಿಸಿ ಮಾಡುತ್ತದೆ. ಎಕ್ಸ್-ರೇಯಂತೆ ಡಿಎನ್‌ಎಯನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಯಂತ್ರ ಆರಿಸಿದ ಮೇಲೆ ದೇಹದಲ್ಲಿ ಏನೂ ಉಳಿಯುವುದಿಲ್ಲ.

"ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ" ಎನ್ನುವುದು ನಮ್ಮಲ್ಲಿ ತುಂಬಾ ಹಳೆಯ ಭಯ. ಸೂಜಿಯ ಹಾದಿಯಲ್ಲಿ ಕೋಶಗಳು ಬೀಳುವುದು ಅಪರೂಪಕ್ಕೆ ಆಗುತ್ತದೆ, ಇಲ್ಲವೆಂದು ನಾವು ಹೇಳುವುದಿಲ್ಲ. ಅದನ್ನು ತಪ್ಪಿಸಲು ಸೂಜಿಯನ್ನು ಹೊರಗೆ ಎಳೆಯುವಾಗ ಅದರ ಹಾದಿಯನ್ನೂ ಸುಡುತ್ತಾ ಬರುತ್ತಾರೆ. ಅದೇ ರಕ್ತಸ್ರಾವವನ್ನೂ ತಡೆಯುತ್ತದೆ. ಸಿರೋಸಿಸ್ ಇರುವವರಲ್ಲಿ ಹಲವು ಬಾರಿ ಬಯಾಪ್ಸಿಯ ಅಗತ್ಯವೇ ಬೀಳುವುದಿಲ್ಲ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ. ಒಳ್ಳೆಯ ಲಿವರಿಗೆ ಹೆಚ್ಚಿನ ರಕ್ತ ಬರುವುದು ಕರುಳಿನಿಂದ ಬರುವ ಪೋರ್ಟಲ್ ಸಿರೆಯಿಂದ, ಈ ಕ್ಯಾನ್ಸರಿಗೆ ಬರುವುದು ಅಪಧಮನಿಯಿಂದ. ಹಾಗಾಗಿ ಕಾಂಟ್ರಾಸ್ಟ್ ಕೊಟ್ಟು ತೆಗೆದ ಸ್ಕ್ಯಾನಿನಲ್ಲಿ ಗಡ್ಡೆ ಮೊದಲು ಹೊಳೆದು ಆಮೇಲೆ ಮಂಕಾಗುತ್ತದೆ. ಆ ನಡೆಯೇ ಗುರುತು.

"ನಮ್ಮ ತಾಯಿಯ ಚೆಕಪ್ ರಿಪೋರ್ಟಿನಲ್ಲಿ ಲಿವರ್ ಗಡ್ಡೆ ಎಂದು ಬಂದಿದೆ, ಸುಡಿಸಬೇಕಾ?" ಜಯನಗರ, ಜೆಪಿ ನಗರದ ಡಯಾಗ್ನೋಸ್ಟಿಕ್ ಸೆಂಟರುಗಳ "ಫುಲ್ ಬಾಡಿ ಚೆಕಪ್" ಹೆಚ್ಚಾದಂತೆ ಈ ಪ್ರಶ್ನೆಯೂ ಹೆಚ್ಚಾಗಿದೆ. ಗಾಬರಿ ಬೇಡ, ಪೂರ್ತಿ ಓದಿ. ಹೆಮಾಂಜಿಯೋಮಾ ಎಂದಿದ್ದರೆ ಅದು ರಕ್ತನಾಳಗಳ ಗಂಟು, ಲಿವರಿನ ಅತಿ ಸಾಮಾನ್ಯ ನಿರಪಾಯಕಾರಿ ಗಡ್ಡೆ, ಬಹುತೇಕ ಯಾವ ಚಿಕಿತ್ಸೆಯೂ ಬೇಕಿಲ್ಲ. ಸಿಸ್ಟ್ ಎಂದರೆ ನೀರಿನ ಗುಳ್ಳೆ, ಬಹುಪಾಲು ತೊಂದರೆ ಕೊಡದೆ ಇರುತ್ತದೆ. ಯಾವುದಕ್ಕೂ ರಿಪೋರ್ಟನ್ನು ಒಬ್ಬ ವೈದ್ಯರಿಗೆ ತೋರಿಸಿ, ಗ್ರೂಪಿಗಲ್ಲ.

ಚಿಕಿತ್ಸೆ ಆದ ಮೇಲೆ

ಕೆಲವು ದಿನ ಸಣ್ಣ ಜ್ವರ, ಸುಸ್ತು, ಬಲ ಪಕ್ಕೆಯಲ್ಲಿ ನೋವು ಇರುತ್ತದೆ. ಸತ್ತ ಅಂಗಾಂಶವನ್ನು ದೇಹ ಜೀರ್ಣಿಸಿಕೊಳ್ಳುವ ಲಕ್ಷಣ ಅದು. ಚಳಿ ನಡುಕದ ಜ್ವರ, ಹೆಚ್ಚುವ ಹೊಟ್ಟೆನೋವು, ಉಸಿರಾಟದ ತೊಂದರೆ ಬಂದರೆ ಮಾತ್ರ ಕಾಯಬೇಡಿ. ರಕ್ತಸ್ರಾವ, ಕೀವು ತುಂಬುವುದು, ಪಿತ್ತನಾಳಕ್ಕೆ ಪೆಟ್ಟು, ಇವು ಕಡಿಮೆ ಜನರಲ್ಲಿ ಆಗುತ್ತವೆ, ಆದರೆ ಆಗುತ್ತವೆ. "ಸೈಡ್ ಎಫೆಕ್ಟ್ ಇಲ್ಲ" ಎಂಬ ಫಾರ್ವರ್ಡ್ ಸಾಲು ಸುಳ್ಳು.

ಸುಮಾರು ಒಂದು ತಿಂಗಳಿಗೆ ಮತ್ತೆ ಸ್ಕ್ಯಾನ್. ಪೂರ್ತಿ ಸತ್ತಿಲ್ಲವಾದರೆ ಮತ್ತೊಮ್ಮೆ ಸುಡಬಹುದು. ಆಮೇಲೆ ಮೊದಲ ವರ್ಷಗಳಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಇದು ಏಕೆ ಎಂಬುದನ್ನು ಮನೆಯವರು ಮೊದಲೇ ತಿಳಿದಿರಬೇಕು. ಗಡ್ಡೆ ಹೋಯಿತು, ಆದರೆ ಗಡ್ಡೆಯನ್ನು ಹುಟ್ಟಿಸಿದ ಗಾಯಗೊಂಡ ಲಿವರ್ ಅಲ್ಲೇ ಇದೆ. ಶಸ್ತ್ರಚಿಕಿತ್ಸೆ ಮಾಡಿ ತೆಗೆದವರಲ್ಲೂ ಐದು ವರ್ಷದೊಳಗೆ ಶೇ. 70ರವರೆಗೆ ಮರುಕಳಿಸುವುದುಂಟು, ಅಬ್ಲೇಶನ್ ಆದವರಲ್ಲಿ ಕಡಿಮೆಯೇನಲ್ಲ. "ಒಂದೇ ಸೂಜಿಗೆ ಮಾಯ" ಎಂದು ನಂಬಿ ಸ್ಕ್ಯಾನ್ ಬಿಟ್ಟವರಲ್ಲಿ ಎರಡನೆಯ ಗಡ್ಡೆ ತಡವಾಗಿ ಸಿಗುತ್ತದೆ.

ಅಮೃತಬಳ್ಳಿ, ನೆಲನೆಲ್ಲಿ, ಹನುಮಫಲ

ಅಬ್ಲೇಶನ್ ಫಾರ್ವರ್ಡಿನ ಪಕ್ಕದಲ್ಲೇ ಇವುಗಳ ಫಾರ್ವರ್ಡೂ ಇರುತ್ತದೆ. ನೆಲನೆಲ್ಲಿಯ ಕಥೆ ಸ್ವಾರಸ್ಯವಾದದ್ದು, ಅದರ ಹಿಂದೆ ನಿಜವಾದ ವಿಜ್ಞಾನಿಗಳಿದ್ದಾರೆ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಮತ್ತು ಮದ್ರಾಸಿನ ತ್ಯಾಗರಾಜನ್ ಅವರ ತಂಡ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ನೆಲನೆಲ್ಲಿ ಕೊಟ್ಟಾಗ ಹಲವರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು ಎಂದು ವರದಿ ಮಾಡಿತ್ತು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಫಾರ್ವರ್ಡ್‌ಗಳು 1988ರಲ್ಲೇ ನಿಂತಿವೆ.

ಅಮೃತಬಳ್ಳಿಯದ್ದು ಇನ್ನೊಂದು ದಿಕ್ಕು. ಕೊರೋನಾ ಕಾಲದಲ್ಲಿ ಬಹಳ ಜನ ಕಷಾಯ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ ಆರು ಜನರಲ್ಲಿ ಲಿವರಿಗೆ ಪೆಟ್ಟಾದದ್ದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದು ಬೇರೆ ಜಾತಿಯ ಬಳ್ಳಿಯಾಗಿರಬಹುದು ಎಂದಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ ಇನ್ನಷ್ಟು ರೋಗಿಗಳ ವಿವರ ಪ್ರಕಟಿಸಿದವು. ವಾದ ಏನೇ ಇರಲಿ, ಮೊದಲೇ ಸಿರೋಸಿಸ್ ಇರುವವರು ಅದರ ಮೇಲೆ ಪ್ರಯೋಗ ಮಾಡಬಾರದು ಎಂಬುದು ನಮ್ಮ ಅಭಿಪ್ರಾಯ. ಹನುಮಫಲ ಅಥವಾ ನಿಂಬೆ "ಕೀಮೋಗಿಂತ ಹತ್ತು ಸಾವಿರ ಪಟ್ಟು" ಎಂಬುದಕ್ಕೆ ಮನುಷ್ಯರ ಮೇಲಿನ ಯಾವ ಆಧಾರವೂ ಇಲ್ಲ.

ಕಷಾಯ ಕುಡಿದರೆ ನಷ್ಟವೇನು ಎಂದು ಕೇಳುವವರಿಗೆ ಮತ್ತೆ ಅದೇ ಗಣಿತ. ಈ ಗಡ್ಡೆಗಳ ಗಾತ್ರ ಇಮ್ಮಡಿಯಾಗಲು ಸುಮಾರು 4ರಿಂದ 6 ತಿಂಗಳು ಹಿಡಿಯುತ್ತದೆ, ಕೆಲವರಲ್ಲಿ ಇನ್ನೂ ಬೇಗ. ಗಾತ್ರ ಒಮ್ಮೆ ಇಮ್ಮಡಿಯಾದರೆ 2.5 ಸೆಂ.ಮೀ. ಗಡ್ಡೆ 3.1 ಸೆಂ.ಮೀ. ದಾಟುತ್ತದೆ. ಸೂಜಿಗೆ ಸಿಗುತ್ತಿದ್ದ ಗಡ್ಡೆ ಸೂಜಿಯ ಕೈ ಮೀರಲು ಅಷ್ಟು ಸಾಕು.

ದಕ್ಷಿಣ ಬೆಂಗಳೂರಿನಲ್ಲಿದ್ದರೆ

ಸರ್ಕಾರಿ ವ್ಯವಸ್ಥೆಯಲ್ಲಿ ಮೊದಲ ಹೆಸರು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ. 1973ರಿಂದ ಇರುವ ಈ ಆಸ್ಪತ್ರೆ ನಿಮ್ಹಾನ್ಸ್ ಪಕ್ಕದಲ್ಲೇ ಇದೆ, ಜಯನಗರಕ್ಕೂ ಬಿಟಿಎಂ ಲೇಔಟಿಗೂ ಹತ್ತಿರ. ಲಿವರಿನ ಕಾಯಿಲೆಗಳಿಗಾಗಿಯೇ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಖಾಸಗಿ ಆಸ್ಪತ್ರೆಗಳ ಹೆಸರು ನಾವು ಸೂಚಿಸುವುದಿಲ್ಲ. ಎಲ್ಲಿಗೆ ಹೋದರೂ ಒಂದು ವಿಷಯ ಕೇಳಿ: ನಮ್ಮ ಸ್ಕ್ಯಾನನ್ನು ಸರ್ಜನ್, ಲಿವರ್ ತಜ್ಞರು, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಮೂವರೂ ಒಟ್ಟಿಗೆ ಕೂತು ನೋಡಿದ್ದಾರಾ? ಒಬ್ಬರೇ ನೋಡಿದರೆ ತಮಗೆ ಬರುವ ಚಿಕಿತ್ಸೆಯನ್ನೇ ಹೇಳುವ ಸಂಭವ ಹೆಚ್ಚು. ಗಡ್ಡೆ ಎಷ್ಟು, ಎಷ್ಟು ದೊಡ್ಡದು, ಲಿವರ್ ಚೈಲ್ಡ್-ಪ್ಯೂ ಎ, ಬಿ, ಸಿ ಯಾವುದರಲ್ಲಿದೆ ಎಂದು ಬರೆಸಿಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಹಾಳೆ ಮಾತ್ರವಲ್ಲ, ಸ್ಕ್ಯಾನಿನ ಸಿಡಿಯನ್ನೂ ಒಯ್ಯಿರಿ. ಸೂಜಿ ಹಾಕುವವರು ನೋಡಬೇಕಾದ್ದು ಚಿತ್ರವನ್ನು.

ಹಣದ ವಿಷಯ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ನಿಮಗೆ ಹೇಳಿರುವ ಚಿಕಿತ್ಸೆ ಪ್ಯಾಕೇಜಿನಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಕೇಳಿ. ಖಾಸಗಿ ವಿಮೆ ಇದ್ದವರು ಡೇ-ಕೇರ್ ಚಿಕಿತ್ಸೆಯ ಷರತ್ತು ನೋಡಿಕೊಳ್ಳಿ.

ಸೂಜಿಗೆ ಸಿಗುವಷ್ಟು ಚಿಕ್ಕ ಗಡ್ಡೆ ನೋವು ಕೊಡುವುದಿಲ್ಲ, ಹಸಿವು ಕೆಡಿಸುವುದಿಲ್ಲ, ತಾನಾಗಿ ತಿಳಿಯುವುದಿಲ್ಲ. ಹುಡುಕಿದರೆ ಮಾತ್ರ ಸಿಗುತ್ತದೆ. ಸಿರೋಸಿಸ್ ಎಂದು ಗೊತ್ತಾದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಲು ವೈದ್ಯರು ಹೇಳುವುದು ಇದಕ್ಕೇ. ಎಎಫ್‌ಪಿ ಒಂದೇ ಸಾಲದು, ಚಿಕ್ಕ ಗಡ್ಡೆಯಲ್ಲಿ ಅದು ಎಷ್ಟೋ ಸಲ ಮಾಮೂಲಿಯಾಗೇ ಇರುತ್ತದೆ. ಬಹಳ ವರ್ಷ ಕುಡಿದವರು, ಸಕ್ಕರೆ ಕಾಯಿಲೆ ಜೊತೆಗೆ ಫ್ಯಾಟಿ ಲಿವರ್ ಇರುವವರು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದ್ದರೆ ಉಳಿದವರೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ, ಸಿ ಎರಡರ ಪರೀಕ್ಷೆ ಮತ್ತು ಔಷಧಿ ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಹೆಪಟೈಟಿಸ್ ಸಿ ಬಹುತೇಕರಲ್ಲಿ 12 ವಾರದ ಮಾತ್ರೆಗೆ ಪೂರ್ತಿ ಗುಣವಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ, ದೊಡ್ಡವರಿಗೆ ಮೂರು ಡೋಸ್: ಮೊದಲನೆಯದು ಯಾವತ್ತಾದರೂ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ.